ಕಲಾಯಿ

ಬುಧವಾರ ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು,
ಹುಲಿಗಿ ಕಡೆಯಿಂದ ಬಂದ ಟಂಟಂ
ಅವಳನ್ನು ನನ್ನ ಅಂಗಡಿ ಮುಂದೆ ಇಳಿಸಿ ಹೋಯಿತು.
ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕೊಡ,
ಕೊಡದ ಮೇಲೆ ತಾಯಿ,
ತಾಯಿಯ ಬೆನ್ನಿಗೆ ನವಿಲುಗರಿ.
‘ಸೋರ್ತೈತಿ ಬಕ್ಷಿ,’ ಅಂದಳು. ‘ಮೂರು ವಾರ ಆತು.
ಹೆಗಲು ನೆಂದು ನೆಂದು ಕುಪ್ಪಸಕ್ಕ ಬೂಸ್ಲು ಬಂದೈತಿ.’

ಮುನಿರಾಬಾದಿನ ಈ ರಸ್ತೆಯಲ್ಲಿ ಕಲಾಯಿ ಅಂದರೆ
ಈಗಿನ ಹುಡುಗರು ಏನದು ಅಂತಾರೆ.
ನನಗೆ ಉಳಿದ ಗಿರಾಕಿಗಳು ದೇವರುಗಳು:
ಮೊಹರಮ್ಮಿಗೆ ಮುಂಚೆ ಅಲಾಯಿ ಪಂಜಾ,
ಹುಣ್ಣಿಮೆಗೆ ಮುಂಚೆ ಮಠದ ಕೊಪ್ಪರಿಗೆ,
ಒಮ್ಮೆ ಮುದಗಲ್ಲಿನಿಂದ ಇಗರ್ಜಿಯ ಗಂಟೆಯ ನಾಲಗೆ.
ಯಾರೂ ಬೆಂಕಿಗೆ ಹೆದರಲಿಲ್ಲ.

‘ಮೊದಲು ಆಕಿನ್ನ ಇಳಸು,’ ಅಂದೆ.
ತಾಯಿಯನ್ನು ಬಿಚ್ಚಿ, ಸೆರಗಿನಲ್ಲಿ ಸುತ್ತಿ,
ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಂತಳು,
ದವಾಖಾನೆಯಲ್ಲಿ ಚೀಟಿಗೆ ಕಾಯುವ ಬಾಣಂತಿಯ ಹಾಗೆ.
ಬಾಣಂತಿ ಅಂದೆ. ಬಾಯಿ ತಪ್ಪಿಲ್ಲ.

ಗಾಳೆಪ್ಪ ಅಂತ ಇದ್ದಳು.
‘ಪ್ಪ’ ಉದುರಿ ‘ಮ್ಮ’ ಬರುವುದಕ್ಕೆ
ಮೈತುಂಬ ಗುಳ್ಳೆ, ಕೂದಲಲ್ಲಿ ಜಡೆ,
ಅಣ್ಣಂದಿರ ಬಾರುಕೋಲು, ಕೊನೆಗೆ ಕೊರಳಿಗೆ ಮುತ್ತು.
ಅವ್ವ ಹಿಡದಾಳ ಅಂದರು ಊರವರು.
ಹಿಡಿದ ಮೇಲೆ ಯಾರೂ ಹೊಡೆಯುವಂತಿಲ್ಲ.
ಅದೇ ಅಣ್ಣಂದಿರು ಕಾಲಿಗೆ ಬಿದ್ದರು.
ಮನೆಯೊಳಕ್ಕೆ ಮಾತ್ರ ಕರೆಯಲಿಲ್ಲ.

ನನ್ನನ್ನು ಯಾರೂ ಹಿಡಿಯಲಿಲ್ಲ.

ನಮ್ಮಜ್ಜ ಹೇಳುತ್ತಿದ್ದ: ಒಬ್ಬ ಫಕೀರನಂತೆ,
ಕೈತುಂಬ ಬಳೆ, ಕೆಂಪು ದುಪಟ್ಟಾ,
ನಾನು ಅಲ್ಲಾಹನ ಮದಲಗಿತ್ತಿ ಅನ್ನುತ್ತಿದ್ದನಂತೆ.
ಮಳೆ ತಪ್ಪಿದ ವರ್ಷ ಕಾಜಿಯೇ ಹೋಗಿ
ಅವನ ಬಾಗಿಲಲ್ಲಿ ನಿಂತನಂತೆ.
ಫಕೀರ ಬಳೆಯ ಮೇಲೆ ಕಲ್ಲೆತ್ತಿ, ಆಕಾಶ ನೋಡಿ,
‘ಒಡೀಲೋ, ಇರಲೋ, ನೀನೇ ಹೇಳು’ ಅಂದನಂತೆ.
ಬಂತಂತೆ, ಸುರಿಯಿತಂತೆ.
ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.
ಬೆಳಿಗ್ಗೆ ಎದ್ದು ತಿದಿ ಒತ್ತಿದೆ.
ಆಮೇಲೆ ನಿಕಾ, ಆಮೇಲೆ ಮೂರು ಮಕ್ಕಳು.
ಒಳ್ಳೆಯ ಹೆಂಗಸು ನಮ್ಮ ಮಾಬುನ್ನಿ. ಅವಳ ಮೇಲೆ ದೂರಿಲ್ಲ.

ಕೊಡ ಬೋರಲು ಹಾಕಿದೆ.
ನೀರಿನ ಜೊತೆ ಬಿದ್ದವು ಎರಡು ಕವಡೆ, ಒಂದು ಪಿನ್ನು,
ಚಲಾವಣೆ ಸತ್ತ ಹತ್ತು ಪೈಸೆ,
ಒಂದು ಕರೇ ದಾರ.
ಉಡಿದಾರ.
ಮುತ್ತು ಕಟ್ಟುವ ದಿನ ಹರಿದು ಹೊಳೆಗೆ ಬಿಡಬೇಕಾದದ್ದು.
ಹರಿದ ಕಡೆ ಹರಿದೇ ಇತ್ತು. ಗಂಟು ಬಿಚ್ಚಿರಲಿಲ್ಲ.

ಆ ಗಂಟು ನನಗೆ ಗೊತ್ತು.
ಎಡದಂಡೆ ಕಾಲುವೆಯಲ್ಲಿ ಈಜಿ ಎದ್ದ ಸಂಜೆ
ಆ ಸೊಂಟದಲ್ಲಿ ಸಡಿಲಾದದ್ದನ್ನು ಬಿಗಿದವನು ನಾನೇ.
ತಂತಿಗೆ ಹಾಕುವ ಗಂಟು, ನಮ್ಮ ಕಸುಬಿನದು,
ಎಳೆದಷ್ಟೂ ಕೂರುವಂಥದ್ದು.
ಕೈ ತೆಗೆಯಲು ತಡವಾಗಿತ್ತು.

‘ಇದು?’ ಅಂದೆ.
‘ಎಸಿ ಅಂದ್ರು ಎಲ್ಲಾರೂ. ಆಕಿ ಅನ್ನಲಿಲ್ಲ.’
ಮಡಿಲು ನೋಡಿಕೊಂಡು ಅಂದಳು.
‘ಹದಿನೆಂಟು ವರ್ಷ ಆಕಿ ಪಾದದ ಬುಡಕ್ಕ ಐತಿ.
ಯಾರದಿದು ಅಂತ ಒಂದಿನ ಕೇಳಿಲ್ಲ.’
ತುಸು ತಡೆದು,
‘ಗಂಡನ್ನ ಮಾಡ್ಕೊಳಂಗಿಲ್ಲ ಬಕ್ಷಿ ನಾವು. ಆಕಿಗೇ ಕಟ್ಯಾರ.
ದಾರ ಇಟ್ಕೋಬಾರದು ಅಂತ ಎಲ್ಲೂ ಇಲ್ಲ.’

ಬೆಂಕಿ ಎಬ್ಬಿಸಿದೆ.
ಸುಡಬಾರದಲ್ಲ ಅಂತ ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡೆ.
ನೋಡಿದಳು. ನೋಡದವಳಂತೆ ರಸ್ತೆ ಕಡೆ ತಿರುಗಿದಳು.
ನವಸಾಗರದ ಹೊಗೆಗೆ ಕೆಮ್ಮುತ್ತ
ತಾಯಿಯ ಮುಖಕ್ಕೆ ಸೆರಗು ಎಳೆದಳು.
ತೂತಿಗೆ ಬೆಸುಗೆ ಕೂತಿತು. ಹತ್ತಿ ಉಂಡೆಯ ಹಿಂದೆ ತವರ
ಕತ್ತಲ ಒಳಗೋಡೆ ಹಿಡಿದು ಬೆಳ್ಳಗೆ ಓಡಿತು.

ನೀರು ತುಂಬಿ ಕಾದೆವು.
ತಳ ಮುಟ್ಟಿ ನೋಡಿದೆ. ಅವಳೂ ಮುಟ್ಟಿದಳು.
ಒಣಗಿತ್ತು.
ದಾರ ಬಿಚ್ಚಿ ಕೊಟ್ಟೆ. ಒಳಗೆ ಬಿಟ್ಟಳು,
ಮೇಲೆ ತಾಯಿಯನ್ನು ಕೂರಿಸಿ ಬಿಗಿದಳು.
ಹಣೆಗೆ ಭಂಡಾರ ಇಡಲು ಬಂದ ಬೆರಳು
ನನ್ನ ಟೋಪಿ ಕಂಡು ನಿಂತು,
ಅಂಗೈಗೆ ಇಳಿಯಿತು.

ಅಸರಿಗೆ ವಜೂ ಮಾಡುವಾಗ ನೀರು ಅರಿಶಿನ.
ಪಕ್ಕದವನು ಕಾಲು ಹಿಂದಕ್ಕೆಳೆದುಕೊಂಡ.
‘ತವರದ ಬಣ್ಣ,’ ಅಂದೆ.
ತವರ ಬಿಳಿ ಅಂತ ಅವನಿಗೂ ಗೊತ್ತು.